ಒಂದೇ ಬಟ್ಟಲಿನ ಐದು ಗಿಡಗಳು: ಒಂದು ಪ್ರಕರಣ ಅಧ್ಯಯನ

ಗೃಹಪ್ರವೇಶಕ್ಕೆ ಗಿಡಗಳ ಬಟ್ಟಲು ಉಡುಗೊರೆ ಕೊಡುವುದು ಬೆಂಗಳೂರಿನಲ್ಲಿ ಈಗ ಮಾಮೂಲಿ. ಚೆಂದದ ಪಿಂಗಾಣಿ ಬಟ್ಟಲು, ಅದರೊಳಗೆ ನಾಲ್ಕೈದು ಬಗೆಯ ಗಿಡ, ಮಣ್ಣಿನ ಮೇಲೆ ಬಿಳಿ ಕಲ್ಲು. ನರ್ಸರಿಯವರು ಇದಕ್ಕೆ ಡಿಶ್ ಗಾರ್ಡನ್ ಅಂತಾರೆ. ಮೊದಲ ತಿಂಗಳು ಬಂದವರೆಲ್ಲ ಅದನ್ನೇ ನೋಡುತ್ತಾರೆ. ವರ್ಷ ತುಂಬುವ ಹೊತ್ತಿಗೆ ಒಂದೋ ಎರಡೋ ಗಿಡ ಉಳಿದಿರುತ್ತವೆ. ಮನೆಯವರು "ನಮ್ಮ ಕೈಗುಣ ಸರಿಯಿಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮನೆಗಳಿಗೆ ಹೋಗಿ ಗಿಡ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಇಂಥ ಬಟ್ಟಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಇದೊಂದನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಮೊದಲ ತೊಂದರೆ ಸರಿಹೋದ ಮೇಲೆ ಇನ್ನೊಂದು ತೊಂದರೆ ಬೇರೆ ದಾರಿಯಲ್ಲಿ ಬಂತು. ಬರೆಯಲು ಮನೆಯವರ ಒಪ್ಪಿಗೆ ಇದೆ. ಹೆಸರು, ಬಡಾವಣೆ ಹೇಳುವುದಿಲ್ಲ. ಕುಟುಂಬದ ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಗಿಡಗಳ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ.

ಮನೆ ಮತ್ತು ಬಟ್ಟಲು

ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಅತ್ತೆ, ಮಾವ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಮಾವ ತುಮಕೂರು ಕಡೆಯವರು, ವಯಸ್ಸಾಗುವವರೆಗೂ ಹೊಲ ಮಾಡಿದವರು. ಗೃಹಪ್ರವೇಶ ಫೆಬ್ರವರಿಯಲ್ಲಿ ಆಯಿತು. ಬಟ್ಟಲು ಸೊಸೆಯ ತವರಿನಿಂದ ಬಂದದ್ದು. ತವರಿನ ಉಡುಗೊರೆ ಬಾಡಿದರೆ ಅದು ಬರೀ ಗಿಡದ ವಿಷಯವಾಗಿ ಉಳಿಯುವುದಿಲ್ಲ. ಅದಕ್ಕೇ ಆ ಮನೆಯಲ್ಲಿ ಎಲ್ಲರೂ ಅದಕ್ಕೆ ಸ್ವಲ್ಪ ಜಾಸ್ತಿಯೇ ನೀರು ಹಾಕುತ್ತಿದ್ದರು.

ಬಟ್ಟಲು 16 ಇಂಚು ಅಗಲ, 8 ಇಂಚು ಆಳ. ತಳದಲ್ಲಿ ತೂತಿರಲಿಲ್ಲ. ಒಳಗೆ ಪೀಸ್ ಲಿಲಿ, ಸಿಂಗೋನಿಯಂ, ಮನಿ ಪ್ಲಾಂಟ್, ಹಳದಿ ಅಂಚಿನ ಸ್ನೇಕ್ ಪ್ಲಾಂಟ್, ಜೇಡ್. ನೋಡುವುದಕ್ಕೆ ಬಹಳ ಚೆನ್ನಾಗಿತ್ತು ಅಂತ ಫೋಟೋ ನೋಡಿದರೆ ಗೊತ್ತಾಗುತ್ತದೆ. ಹಿಂದೆ ಕತ್ತಿಯ ಹಾಗೆ ನಿಂತ ಸ್ನೇಕ್ ಪ್ಲಾಂಟ್, ನಡುವೆ ಪೀಸ್ ಲಿಲಿಯ ಬಿಳಿ ಹೂ, ಅಂಚಿನಿಂದ ಇಳಿಬಿದ್ದ ಮನಿ ಪ್ಲಾಂಟ್. ಜೋಡಿಸಿದವರು ಎತ್ತರ, ಬಣ್ಣ, ಎಲೆಯ ಆಕಾರ ಎಲ್ಲ ಲೆಕ್ಕ ಹಾಕಿದ್ದರು. ನೀರಿನ ಲೆಕ್ಕ ಮಾತ್ರ ಹಾಕಿರಲಿಲ್ಲ.

ಈ ಐದೂ ನಮ್ಮ ನಾಡಿನವಲ್ಲ. ಪೀಸ್ ಲಿಲಿ, ಸಿಂಗೋನಿಯಂ ಎರಡೂ ಮಧ್ಯ ಮತ್ತು ದಕ್ಷಿಣ ಅಮೆರಿಕದ ತೇವದ ಕಾಡಿನವು. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದ್ದು. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ಜೇಡ್ ದಕ್ಷಿಣ ಆಫ್ರಿಕಾದ ಒಣ ಗುಡ್ಡಗಳಲ್ಲಿ ಬೆಳೆಯುವಂಥದ್ದು. ಮೊದಲ ಮೂರು ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೆ ಸೇರಿದವು. ಕೆಸು ಬಚ್ಚಲು ನೀರು ಹರಿಯುವ ಕಡೆ ಹೇಗೆ ಹುಲುಸಾಗಿ ಬರುತ್ತದೆ ಅಂತ ನೋಡಿದವರಿಗೆ ಇವುಗಳ ಸ್ವಭಾವ ಊಹಿಸುವುದು ಕಷ್ಟವಲ್ಲ. ಹಾಗಂತ ಕುಟುಂಬ ನೋಡಿಯೇ ತೀರ್ಮಾನಿಸುವುದಕ್ಕೂ ಆಗಲ್ಲ. ಝೀಝೀ ಪ್ಲಾಂಟ್ ಕೂಡ ಅದೇ ಕುಟುಂಬದ್ದು. ಆದರೆ ಅದು ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು ವಾರಗಟ್ಟಲೆ ಸುಮ್ಮನಿರುತ್ತದೆ.

ಬಟ್ಟಲು ಇಟ್ಟ ಜಾಗ ಹಾಲ್‌ನ ಆಗ್ನೇಯ ಮೂಲೆ. ಮನಿ ಪ್ಲಾಂಟ್ ಆಗ್ನೇಯದಲ್ಲಿ ಇರಬೇಕು ಅನ್ನುವುದು ವಾಸ್ತು ನಂಬುವವರ ಮಾತು. ಆ ಮನೆಯಲ್ಲಿ ಅದು ಅತ್ತೆಯ ಮಾತೂ ಹೌದು. ಆ ಮೂಲೆಗೆ ಬೆಳಗಿನ ಹೊತ್ತು ಮಾತ್ರ ಸ್ವಲ್ಪ ಬೆಳಕು ಬರುತ್ತದೆ. ಬಾಲ್ಕನಿ ಬಾಗಿಲು ಅಲ್ಲಿಂದ ದೂರ. ಮನಿ ಪ್ಲಾಂಟ್ ಒಂದರ ಸಲುವಾಗಿ ಉಳಿದ ನಾಲ್ಕೂ ಅದೇ ಮೂಲೆಯಲ್ಲಿ ಕೂತವು.

ಬೇಸಿಗೆಯಲ್ಲಿ ಶುರುವಾದ ಅಭ್ಯಾಸ

ಮಾರ್ಚ್ ಕೊನೆಗೆ ಸೆಕೆ ಏರಿತು. ಒಂದು ಮಧ್ಯಾಹ್ನ ಪೀಸ್ ಲಿಲಿಯ ಎಲೆಗಳೆಲ್ಲ ಬಟ್ಟಲಿನ ಅಂಚಿಗೆ ಬಿದ್ದುಕೊಂಡಿದ್ದವು. ಅತ್ತೆ ಒಂದು ಚೊಂಬು ನೀರು ಹಾಕಿದರು. ಸಂಜೆ ಕಾಫಿ ಹೊತ್ತಿಗೆ ಗಿಡ ಮತ್ತೆ ಎದ್ದು ನಿಂತಿತ್ತು.

ಪೀಸ್ ಲಿಲಿ ಸಾಕಿದವರಿಗೆ ಇದು ಗೊತ್ತು. ನೀರು ಕಡಿಮೆಯಾದರೆ ಆ ಗಿಡ ನೆಲಕ್ಕೆ ಬಿದ್ದು ಬಿಡುತ್ತದೆ, ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಏಳುತ್ತದೆ. ಬಾಯಾರಿಕೆಯನ್ನು ಇಷ್ಟು ಜೋರಾಗಿ ಹೇಳುವ ಗಿಡ ಮನೆಯೊಳಗಿನ ಗಿಡಗಳಲ್ಲಿ ಕಡಿಮೆ. ಬೇರೆ ಕುಂಡದಲ್ಲಿದ್ದಿದ್ದರೆ ಇದೇ ಅದರ ಒಳ್ಳೆಯ ಗುಣ. ಈ ಬಟ್ಟಲಿನಲ್ಲಿ ಅದೇ ಕೆಡುಕಾಯಿತು. ಸ್ನೇಕ್ ಪ್ಲಾಂಟ್, ಜೇಡ್ ಎರಡೂ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತವೆ. ಬಾಯಾರಿದರೂ ವಾರಗಟ್ಟಲೆ ತೋರಿಸಿಕೊಳ್ಳುವುದಿಲ್ಲ. ನೀರು ಜಾಸ್ತಿಯಾದರೂ ತೋರಿಸಿಕೊಳ್ಳುವುದಿಲ್ಲ, ಕೆಟ್ಟ ಮೇಲಷ್ಟೇ ಗೊತ್ತಾಗುತ್ತದೆ. ಹೀಗಾಗಿ ಗಲಾಟೆ ಮಾಡುವ ಗಿಡದ ಗಡಿಯಾರ ನೋಡಿಕೊಂಡು ಸುಮ್ಮನಿರುವ ಗಿಡಗಳಿಗೂ ನೀರು ಬೀಳತೊಡಗಿತು.

ಏಪ್ರಿಲ್ ಪೂರ್ತಿ ದಿನಾ ನೀರು. ಬೆಂಗಳೂರಿನ ಏಪ್ರಿಲ್ ಅಂದರೆ ಮಧ್ಯಾಹ್ನ 34 ಡಿಗ್ರಿ ಆಸುಪಾಸು, ಗಾಳಿ ಒಣ. ಹಾಕಿದ ನೀರಿನಲ್ಲಿ ಬಹುಪಾಲು ಹೇಗೋ ಆರಿಹೋಗುತ್ತಿತ್ತು. ಬಟ್ಟಲು ತಡೆದುಕೊಂಡಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈನಲ್ಲಿ ಬಿಸಿಲೇ ಇಲ್ಲ, ಮಧ್ಯಾಹ್ನವೂ 28 ಡಿಗ್ರಿ ಸುತ್ತಮುತ್ತ, ಗಾಳಿಯಲ್ಲಿ ತೇವ. ಗಿಡ ಕುಡಿಯುವುದೂ ಕಡಿಮೆ, ಮಣ್ಣು ಆರುವುದೂ ನಿಧಾನ. ದಿನದ ಚೊಂಬು ಮಾತ್ರ ನಿಲ್ಲಲಿಲ್ಲ. ಬಿಳಿ ಕಲ್ಲು ಮುಚ್ಚಿದ್ದರಿಂದ ಮಣ್ಣು ಒದ್ದೆಯೋ ಒಣಗಿದೆಯೋ ಯಾರಿಗೂ ಕಾಣುತ್ತಿರಲಿಲ್ಲ. ತೂತಿಲ್ಲದ ಬಟ್ಟಲಾದ್ದರಿಂದ ಕೆಳಗೆ ತಟ್ಟೆಗೆ ಸೋರಿ ಎಚ್ಚರಿಸುವ ದಾರಿಯೂ ಇರಲಿಲ್ಲ.

ಜೇಡ್ ಮೊದಲು ಎಲೆ ಉದುರಿಸಿತು. ಆಮೇಲೆ ಸ್ನೇಕ್ ಪ್ಲಾಂಟಿನ ಒಂದು ಎಲೆ ಬುಡದಲ್ಲೇ ಕೊಳೆತು, ಮುಟ್ಟಿದರೆ ಕೈಗೆ ಬಂತು. ಹಾಲ್‌ನಲ್ಲಿ ನುಸಿ ಹಾರಾಡತೊಡಗಿದವು. ಕೊನೆಗೆ, ಎಲ್ಲರಿಗೂ ಗೊಂದಲವಾದದ್ದು ಇಲ್ಲೇ, ದಿನಾ ನೀರು ಕುಡಿಯುತ್ತಿದ್ದ ಪೀಸ್ ಲಿಲಿಯೇ ಬಾಡಿ ಬಿತ್ತು. ಈ ಸಲ ನೀರು ಹಾಕಿದರೂ ಏಳಲಿಲ್ಲ. ಬೆಳಿಗ್ಗೆ ಸೊಸೆ ಒಂದು ಲೋಟ ಹಾಕಿ ಹೋದರೆ, ಮಧ್ಯಾಹ್ನ ಅತ್ತೆ ಇನ್ನೊಂದು ಚೊಂಬು ಹಾಕುತ್ತಿದ್ದರು.

ನನ್ನನ್ನು ಕರೆಯುವ ಮೊದಲು ಮಾಡಿದ್ದು

ಮನೆಯವರು ಸುಮ್ಮನೆ ಕೂತಿರಲಿಲ್ಲ. ಅವರು ಮಾಡಿದ್ದೆಲ್ಲ ನೀವೂ ನಾನೂ ಮಾಡುವಂಥದ್ದೇ.

ಮೊದಲು ಗೊಬ್ಬರ. "ಶಕ್ತಿ ಇಲ್ಲ" ಅಂತ ಟೀ ಚರಟ, ಅಕ್ಕಿ ತೊಳೆದ ನೀರು ಹಾಕಿದರು. ಸಕ್ಕರೆ, ಹಾಲು ಸೇರಿದ ಚರಟ ಒದ್ದೆ ಮಣ್ಣಿನ ಮೇಲೆ ಬಿದ್ದರೆ ಬೂಷ್ಟು ಬರುತ್ತದೆ. ನುಸಿಯ ಮರಿಹುಳುಗಳಿಗೆ ಅದೇ ಊಟ. ನುಸಿಗೆ ಸೊಳ್ಳೆ ಔಷಧಿ ಹೊಡೆದರು. ಹಾರುತ್ತಿದ್ದವು ಸತ್ತವು, ಮಣ್ಣಿನಲ್ಲಿದ್ದವು ಉಳಿದವು, ಮತ್ತೆ ಹೊಸವು ಎದ್ದವು.

ಆಮೇಲೆ ಸೊಸೆ ಒಂದು ವಿಡಿಯೋ ನೋಡಿ, ಪೀಸ್ ಲಿಲಿಯ ಬುಡಕ್ಕೆ ಮಾತ್ರ ಬೀಳುವಂತೆ ಮಗಳ ಔಷಧಿ ಸಿರಿಂಜಿನಿಂದ ನೀರು ಬಿಡತೊಡಗಿದರು. ಯೋಚನೆ ಜಾಣತನದ್ದೇ. ಆದರೆ ಮಣ್ಣು ನೀರನ್ನು ಹಾಕಿದ ಜಾಗದಲ್ಲೇ ನಿಲ್ಲಿಸಿಕೊಳ್ಳುವುದಿಲ್ಲ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರುವ ಮಿಶ್ರಣವಂತೂ ಬಟ್ಟೆಯ ಹಾಗೆ ಹೀರಿ ಎಲ್ಲ ಕಡೆಗೂ ಹರಡುತ್ತದೆ. 16 ಇಂಚಿನ ಬಟ್ಟಲಿನಲ್ಲಿ ಬೇಲಿ ಹಾಕಿ ನೀರು ಕೊಡಲು ಆಗುವುದಿಲ್ಲ.

ಮೂರನೆಯದು ಅಂಗಡಿಯವರ ಭರವಸೆ. "ತಳದಲ್ಲಿ ಎರಡು ಇಂಚು ಜಲ್ಲಿ ಹಾಕಿದ್ದೇವೆ, ಜಾಸ್ತಿ ನೀರು ಅದರೊಳಗೆ ಇಳಿಯುತ್ತದೆ" ಅಂತ ಫೋನಿನಲ್ಲಿ ಹೇಳಿದರಂತೆ. ಈ ನಂಬಿಕೆ ಎಲ್ಲ ಕಡೆ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಯವಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ. ಜಲ್ಲಿಗೆ ತಾಗುವ ಜಾಗದಲ್ಲಿ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಅಂದರೆ ಮಣ್ಣಿನ ಕೊನೆಯ ಒಂದೆರಡು ಇಂಚು ಯಾವಾಗಲೂ ರಾಡಿ. ಜಲ್ಲಿ ಇಲ್ಲದಿದ್ದರೆ ಆ ರಾಡಿ ಬಟ್ಟಲಿನ ತಳದಲ್ಲಿರುತ್ತಿತ್ತು. ಜಲ್ಲಿ ಹಾಕಿದ್ದರಿಂದ ಅದು ಎರಡು ಇಂಚು ಮೇಲೆ, ಬೇರಿಗೆ ಇನ್ನೂ ಹತ್ತಿರ ಬಂತು. ಜಲ್ಲಿಯೊಳಗೆ ಇಳಿದ ನೀರಿಗೂ ಹೊರಗೆ ಹೋಗಲು ತೂತಿಲ್ಲ.

ಬಟ್ಟಲು ಬಗ್ಗಿಸಿದಾಗ

ನಾನು ಹೋದಾಗ ಆಷಾಢ ಮುಗಿಯುತ್ತಿತ್ತು. ಮೊದಲು ಮಾಡಿದ್ದು ಅಡುಗೆಮನೆ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕೇಳಿದ್ದು. ಬಿಳಿ ಕಲ್ಲು ಸರಿಸಿ ಕಡ್ಡಿಯನ್ನು ತಳದವರೆಗೂ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಮೇಲಿನ ಒಂದು ಇಂಚು ಬರೀ ತೇವ. ಕೆಳಗಿನ ಅರ್ಧ ಕರಿ ರಾಡಿ, ಮೋರಿ ವಾಸನೆ. ಅತ್ತೆಯ ಮೂಗಿಗೂ ಹಿಡಿದೆ. ವಾದ ಅಲ್ಲಿಗೇ ಅರ್ಧ ಮುಗಿಯಿತು.

ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಆಗ ಎಲೆ ಬಾಡುತ್ತದೆ. ನೋಡುವವರಿಗೆ ಅದು ಬಾಯಾರಿ ಬಾಡಿದಂತೆಯೇ ಕಾಣುತ್ತದೆ. ಪೀಸ್ ಲಿಲಿ ಮಾರ್ಚ್‌ನಲ್ಲಿ ಬಿದ್ದದ್ದು ನೀರಿಲ್ಲದೆ, ಜುಲೈನಲ್ಲಿ ಬಿದ್ದದ್ದು ನೀರಿನಲ್ಲಿ ನಿಂತು. ಎರಡಕ್ಕೂ ಒಂದೇ ಮುಖ. ಈ ಇಡೀ ಪ್ರಕರಣದಲ್ಲಿ ದಾರಿ ತಪ್ಪಿದ ಜಾಗ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಜುಲೈನಲ್ಲಿ ಆ ಕಡ್ಡಿ ಯಾರಾದರೂ ಮೊದಲೇ ಚುಚ್ಚಿದ್ದರೆ ಜೇಡ್ ಬುಡಸಮೇತ ಉಳಿಯುತ್ತಿತ್ತು.

ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಬಟ್ಟಲು ಬಗ್ಗಿಸಿದೆವು. ಜೇಡ್‌ನ ಕಾಂಡ ಬುಡದಿಂದ ಅರ್ಧದವರೆಗೆ ಮೆತ್ತಗಾಗಿ ಕಪ್ಪಾಗಿತ್ತು, ತುದಿಯ ರೆಂಬೆಗಳು ಮಾತ್ರ ಗಟ್ಟಿ. ಸ್ನೇಕ್ ಪ್ಲಾಂಟಿನ ನೆಲದೊಳಗಿನ ಗಡ್ಡೆಕಾಂಡದಲ್ಲಿ ಒಂದು ಭಾಗ ಕೊಳೆತು, ಇನ್ನೊಂದು ಭಾಗ ಕಿತ್ತಳೆ ಬಣ್ಣದಲ್ಲಿ ಗಟ್ಟಿಯಾಗಿತ್ತು. ಪೀಸ್ ಲಿಲಿಯ ಬೇರು ಅರ್ಧ ಕಂದು, ಎಳೆದರೆ ಸಿಪ್ಪೆ ಕಳಚಿ ದಾರದಂಥದ್ದು ಉಳಿಯುತ್ತಿತ್ತು. ಮನಿ ಪ್ಲಾಂಟ್, ಸಿಂಗೋನಿಯಂ ಎರಡೂ ಆರಾಮಾಗಿದ್ದವು. ಅವುಗಳ ಬಿಳಿ ಬೇರು ಮೇಲಿನ ಮಣ್ಣಿನಲ್ಲಿ ಎಲ್ಲ ಕಡೆ ಹಬ್ಬಿತ್ತು.

ಮಾವ ಕೇಳಿದ ಪ್ರಶ್ನೆ

ಐದನ್ನೂ ಬೇರೆ ಮಾಡಬೇಕು ಅಂದಾಗ ಸೊಸೆ ಸಪ್ಪಗಾದರು. ತವರಿಂದ ಬಂದದ್ದು ಹೀಗೆ ಚೂರುಚೂರಾಗುವುದು ಅವರಿಗೆ ಇಷ್ಟವಿರಲಿಲ್ಲ. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಮಾವ ಬಾಯಿ ಬಿಟ್ಟರು.

"ಅಲ್ರೀ, ನಾವು ಹೊಲದಲ್ಲಿ ಅಕ್ಕಡಿ ಹಾಕ್ತಿರಲಿಲ್ವಾ? ರಾಗಿ ಜೊತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಲ್ಲ ಒಟ್ಟಿಗೇ ಬರ್ತಿದ್ವು. ಒಂದಕ್ಕೊಂದು ಆಸರೆ ಆಗ್ತಿದ್ವು. ಇಲ್ಲಿ ಮಾತ್ರ ಯಾಕೆ ಆಗಲ್ಲ?"

ಒಳ್ಳೆಯ ಪ್ರಶ್ನೆ. ಅಕ್ಕಡಿ ಸಾಲು ಹಳೇ ಮೈಸೂರು ಸೀಮೆಯ ರೈತರು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು. ಅದು ಸುಮ್ಮನೆ ಬಂದ ಬಂದ ಬೀಜ ಎರಚಿದ್ದಲ್ಲ. ರಾಗಿಯ ಬೇರು ಮೇಲುಮೇಲೆ ಹರಡುತ್ತದೆ, ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಅವರೆ, ತೊಗರಿ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತವೆ. ರಾಗಿ ಕುಯ್ಲಿಗೆ ಬಂದಾಗ ತೊಗರಿ ಇನ್ನೂ ಹೊಲದಲ್ಲಿ ನಿಂತಿರುತ್ತದೆ, ಜಾಗ ಅದಕ್ಕೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಕ್ಕಡಿಯ ಬೆಳೆಗಳೆಲ್ಲ ಒಂದೇ ಮಳೆ ನಂಬಿಕೊಂಡು ಬೆಳೆಯುವಂಥವು. ಹೊಲಕ್ಕೆ ತಳವಿಲ್ಲ, ಜಾಸ್ತಿಯಾದ ನೀರು ಕೆಳಗೆ ಇಳಿದು ಹೋಗುತ್ತದೆ. ಈ ಬಟ್ಟಲಿಗೆ ಎಂಟು ಇಂಚಿಗೇ ತಳ. ಆಳದ ಬೇರು, ಮೇಲಿನ ಬೇರು ಅನ್ನುವ ಪಾಲುಗಾರಿಕೆಗೆ ಇಲ್ಲಿ ಜಾಗವೇ ಇಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಖುಷ್ಕಿ ಬೆಳೆ, ತರಿ ಬೆಳೆ ಒಂದೇ ಮಡಿಗೆ ಹಾಕಿದ ಹಾಗಾಯ್ತು ಅನ್ನಿ. ಭತ್ತದ ಗದ್ದೆಗೆ ರಾಗಿ ಹಾಕಿ ನೀರು ನಿಲ್ಲಿಸಿದ ಹಾಗೆ" ಅಂದರು.

ನಾನು ಗಂಟೆಗಟ್ಟಲೆ ಹೇಳಿದ್ದರೂ ಇಷ್ಟು ಸಲೀಸಾಗಿ ಮುಟ್ಟುತ್ತಿರಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಪೀಸ್ ಲಿಲಿ, ಸಿಂಗೋನಿಯಂ, ಮನಿ ಪ್ಲಾಂಟ್ ತರಿ ಗಿಡ, ಅಂದರೆ ನೀರು ಬೇಡುವಂಥವು. ಸ್ನೇಕ್ ಪ್ಲಾಂಟ್, ಜೇಡ್ ಖುಷ್ಕಿ ಗಿಡ, ಅಂದರೆ ಒಣ ಮಣ್ಣಿನವು. ಮೊಮ್ಮಗಳೂ ಹಾಗೇ ಕರೆಯುತ್ತಾಳೆ. ಬಿಡಿಸುವ ಕೆಲಸಕ್ಕೆ ಮಾವನೇ ಮುಂದೆ ನಿಂತರು. ಸೊಸೆಯ ಮನಸ್ಸಿಗೂ ಒಂದು ಸಮಾಧಾನ ಬೇಕಿತ್ತು. ತವರಿನ ಬಟ್ಟಲು ಅದೇ ಮೂಲೆಯಲ್ಲಿ ಉಳಿಯುತ್ತದೆ, ತರಿ ಗಿಡಗಳು ಅದರಲ್ಲೇ ಇರುತ್ತವೆ ಅಂತ ತೀರ್ಮಾನವಾಯಿತು.

ಬೇರೆ ಮಾಡಿದ ಬಗೆ

ಅಪಾರ್ಟ್‌ಮೆಂಟಿನಲ್ಲಿ ಆಗ ಯಾರದೋ ಮನೆಗೆ ಟೈಲ್ಸ್ ಹಾಕುತ್ತಿದ್ದರು. ಆ ಕೆಲಸದವರನ್ನೇ ಕರೆದು, ಟೈಲ್ಸ್ ಕೊರೆಯುವ ಬಿಟ್ಟಿನಿಂದ ಬಟ್ಟಲಿನ ತಳಕ್ಕೆ ಮೂರು ತೂತು ಹಾಕಿಸಿದೆವು. ಕೊರೆಯುವಾಗ ನೀರು ಬಿಡುತ್ತಾ, ನಿಧಾನವಾಗಿ ಒತ್ತಬೇಕು. ಆತುರಪಟ್ಟರೆ ಪಿಂಗಾಣಿ ಸೀಳುತ್ತದೆ. ಜಲ್ಲಿ ತೆಗೆದು ಹಾಕಿದೆವು. ತೂತಿನ ಮೇಲೆ ಮಣ್ಣು ಸೋರದಂತೆ ಸೊಳ್ಳೆಪರದೆಯ ತುಂಡು ಸಾಕು. ಕೆಳಗೆ ತಟ್ಟೆ. ಬಿಳಿ ಕಲ್ಲುಗಳನ್ನು ಮತ್ತೆ ಹಾಕಲು ಬಿಡಲಿಲ್ಲ. ಅವು ಈಗ ದೇವರಮನೆಯ ಉರುಳಿಯಲ್ಲಿವೆ.

ತರಿ ಗಿಡಗಳಿಗೆ ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಮ್ಮಣ್ಣು, ಜೊತೆಗೆ ಎರಡು ಹಿಡಿ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು. ಖುಷ್ಕಿ ಗಿಡಗಳಿಗೆ ಅರ್ಧ ಮಣ್ಣು ಗೊಬ್ಬರ, ಇನ್ನರ್ಧ ಸಿಂಡರ್ (ಕಲ್ಲಿದ್ದಲು ಉರಿದು ಉಳಿದ ಹರಳು) ಮತ್ತು ಇಟ್ಟಿಗೆ ಚೂರು. ಸಿಂಡರ್ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಸಿಕ್ಕಿತು. ಸ್ನೇಕ್ ಪ್ಲಾಂಟಿಗೆ ಬಣ್ಣ ಬಳಿಯದ ಮಣ್ಣಿನ ಕುಂಡ, ಯಾಕೆಂದರೆ ಅದರ ಗೋಡೆಯಿಂದಲೂ ನೀರು ಆರುತ್ತದೆ.

ಜೇಡ್‌ನ ಗಟ್ಟಿ ರೆಂಬೆಗಳನ್ನು ಕತ್ತರಿಸಿ ಕೆಲವು ದಿನ ನೆರಳಲ್ಲಿ ಬಿಟ್ಟೆವು. ಕತ್ತರಿಸಿದ ಬಾಯಿ ಒಣಗದೆ ನೆಟ್ಟರೆ ಅದೂ ಕೊಳೆಯುತ್ತದೆ. ಸ್ನೇಕ್ ಪ್ಲಾಂಟಿನ ವಿಷಯದಲ್ಲಿ ಒಂದು ಮಾತು. ಬಿದ್ದ ಎಲೆಯನ್ನು ತುಂಡು ಮಾಡಿ ನೆಟ್ಟರೆ ಹೊಸ ಗಿಡ ಬರುತ್ತದೆ, ಆದರೆ ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು ಬರುತ್ತದೆ. ಅಂಚು ಬೇಕಿದ್ದರೆ ಗಡ್ಡೆಕಾಂಡವನ್ನೇ ಬಿಡಿಸಿ ನೆಡಬೇಕು. ಸೊಸೆಗೆ ಆ ಹಳದಿ ಅಂಚೇ ಇಷ್ಟ, ಹಾಗಾಗಿ ಗಟ್ಟಿ ಉಳಿದಿದ್ದ ಗಡ್ಡೆಕಾಂಡವನ್ನು ನೆಟ್ಟೆವು. ಜೇಡ್ ರೆಂಬೆಗಳನ್ನೂ ಅದೇ ಕುಂಡದ ಅಂಚಿನಲ್ಲಿ ಊರಿ, ಬಾಲ್ಕನಿ ಬಾಗಿಲ ಪಕ್ಕ ಇಟ್ಟೆವು.

ಮನಿ ಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲಿ ಕತ್ತರಿಸಿದವರು ಕೈ ತೊಳೆಯುವುದು ಮರೆಯಬಾರದು. ಕೆಸು, ಸುವರ್ಣಗಡ್ಡೆ ಹೆಚ್ಚಿದಾಗ ಆಗುವ ತುರಿಕೆಯೇ ಇವುಗಳಿಂದಲೂ ಆಗುತ್ತದೆ. ಎಲೆ ಬಾಯಿಗೆ ಹಾಕಿಕೊಳ್ಳುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಇವು ಕೈಗೆಟುಕದ ಕಡೆ ಇರಬೇಕು.

ನೀರಿನ ಜವಾಬ್ದಾರಿಯನ್ನು ಅತ್ತೆಗೊಬ್ಬರಿಗೇ ಬಿಟ್ಟೆವು. ಇಬ್ಬರು ಹಾಕುವುದು ನಿಂತದ್ದೇ ದೊಡ್ಡ ಬದಲಾವಣೆ. ಪ್ರತಿ ಕುಂಡದಲ್ಲಿ ಒಂದು ಪೊರಕೆ ಕಡ್ಡಿ. ಬೆಳಿಗ್ಗೆ ಎಳೆದು ನೋಡುವುದು, ಮಣ್ಣು ಅಂಟಿಕೊಂಡು ಬಂದರೆ ಅವತ್ತು ನೀರಿಲ್ಲ. ಮೇಲಿನ ಮಣ್ಣು ಆರತೊಡಗಿದ ಮೇಲೆ ನುಸಿಯೂ ತಾನಾಗಿಯೇ ಕಡಿಮೆಯಾಯಿತು. ಹಾರುವವನ್ನು ಹಿಡಿಯಲು ಹಳದಿ ಅಂಟುಹಾಳೆ ಸಿಕ್ಕಿಸಿದ್ದೆವು.

ಎರಡನೇ ಬೇಸಿಗೆ

ದೀಪಾವಳಿ ಹೊತ್ತಿಗೆ ಪೀಸ್ ಲಿಲಿ ಹೊಸ ಎಲೆ ಬಿಟ್ಟಿತು. ಸಂಕ್ರಾಂತಿಗೆ ಬಟ್ಟಲು ಮತ್ತೆ ತುಂಬಿಕೊಂಡಿತ್ತು. ಇಲ್ಲಿಗೆ ಮುಗಿಸಿದ್ದರೆ ಇದು ಎಲ್ಲರೂ ಹೇಳುವ ಕಥೆ: ನೀರಿನ ಬೇಡಿಕೆ ನೋಡಿ ಗಿಡ ಜೊತೆ ಮಾಡಿ, ಎಲ್ಲ ಸರಿಹೋಗುತ್ತದೆ.

ಸರಿಹೋಗಲಿಲ್ಲ. ಮಾರ್ಚ್‌ನಲ್ಲಿ ಅತ್ತೆ ಫೋನ್ ಮಾಡಿದರು. ಪೀಸ್ ಲಿಲಿ ಮತ್ತೆ ಬೀಳುತ್ತಿದೆ, ಹೂವೂ ಇಲ್ಲ, ಆದರೆ ಈ ಸಲ ಕಡ್ಡಿ ಒಣಗಿ ಬರುತ್ತಿದೆ ಅಂದರು. ತುಂಬ ನೀರು ಹಾಕಿದರೂ ಒಂದೆರಡು ದಿನಕ್ಕೆ ಒಣ. ಕೊಳೆತ ಅಲ್ಲ ಅಂತ ಅವರೇ ತೀರ್ಮಾನಿಸಿದ್ದರು, ಸರಿಯಾಗಿಯೇ.

ಹೋಗಿ ಅಂಚಿನಲ್ಲಿ ಕೈ ಇಳಿಸಿ ನೋಡಿದರೆ ಮಣ್ಣೇ ಸಿಗಲಿಲ್ಲ, ಬರೀ ಬೇರು. ಸಿಂಗೋನಿಯಂ ಮತ್ತು ಮನಿ ಪ್ಲಾಂಟ್ ಬಟ್ಟಲನ್ನು ಪೂರ್ತಿ ಹಿಡಿದಿದ್ದವು. ಎರಡೂ ಬಳ್ಳಿಗಳು, ಗಂಟು ಗಂಟಿಗೂ ಬೇರು ಬಿಡುವಂಥವು. ಪೀಸ್ ಲಿಲಿ ಒಂದೇ ಜಾಗದಲ್ಲಿ ಗೊಂಚಲಾಗಿ ನಿಧಾನವಾಗಿ ಬೆಳೆಯುವ ಗಿಡ. ಬಾಯಾರಿಕೆ ಮೂರಕ್ಕೂ ಹತ್ತಿರ ಹತ್ತಿರ ಒಂದೇ. ವೇಗ ಒಂದೇ ಅಲ್ಲ. ಸಾಲದ್ದಕ್ಕೆ ಸಿಂಗೋನಿಯಂ ಎಲೆಗಳು ಅದರ ಮೇಲೆ ಕೊಡೆ ಹಿಡಿದಿದ್ದವು. ಮೊದಲೇ ಬೆಳಕು ಕಡಿಮೆ ಇರುವ ಮೂಲೆ, ಅಲ್ಲಿ ನೆರಳೂ ಸೇರಿದರೆ ಪೀಸ್ ಲಿಲಿ ಹೂ ಬಿಡುವುದಿಲ್ಲ.

ಈಗ ಮುಂದೆ ಏನು? ಬಳ್ಳಿಗಳನ್ನು ಆಗಾಗ ಕತ್ತರಿಸಿ, ಬೇರು ಸವರಿ ಹದದಲ್ಲಿಡಬಹುದು. ಆದರೆ ಆ ಕೆಲಸ ಯಾರು ಮಾಡುತ್ತಾರೆ? ಅತ್ತೆಗೆ ಬಗ್ಗಿ ಕೂರಲು ಮಂಡಿ ನೋವು, ಮಗ ಸೊಸೆಗೆ ಹೊತ್ತಿಲ್ಲ. ಪೀಸ್ ಲಿಲಿಯನ್ನು ಪೂರ್ತಿ ಹೊರಗೆ ತೆಗೆದರೆ ಬಟ್ಟಲು ಬೋಳು, ಸೊಸೆ ಮತ್ತೆ ಸಪ್ಪಗೆ. ಕೊನೆಗೆ ಪೀಸ್ ಲಿಲಿಯನ್ನು ಅದರದೇ ಆರು ಇಂಚಿನ ಕಪ್ಪು ಪ್ಲಾಸ್ಟಿಕ್ ನರ್ಸರಿ ಕುಂಡದಲ್ಲಿ ನೆಟ್ಟು, ಆ ಕುಂಡವನ್ನೇ ಬಟ್ಟಲಿನ ನಡುವೆ ಹೂತೆವು. ಅಂಚು ಮಣ್ಣಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ. ಹೊರಗಿನಿಂದ ನೋಡಿದರೆ ಮೂರೂ ಒಟ್ಟಿಗೇ ಇವೆ. ಒಳಗೆ ಪೀಸ್ ಲಿಲಿಯ ನೀರು, ಗೊಬ್ಬರ ಬೇರೆ. ಪಕ್ಕದ ಬೇರುಗಳು ಕುಂಡದ ತೂತಿನಿಂದ ಒಳಗೆ ನುಗ್ಗಲು ನೋಡುತ್ತವೆ. ಅದಕ್ಕೆ ಆಗೊಮ್ಮೆ ಈಗೊಮ್ಮೆ ಕುಂಡವನ್ನು ಹಿಡಿದು ಒಂದು ಸುತ್ತು ತಿರುಗಿಸಿದರೆ ಅವು ಹರಿದುಹೋಗುತ್ತವೆ. ಇದಕ್ಕೆ ಬಗ್ಗಬೇಕಿಲ್ಲ, ಸಂಜೆ ಮೊಮ್ಮಗಳೇ ಮಾಡುತ್ತಾಳೆ.

ನನ್ನ ಅನುಭವದಲ್ಲಿ ಬೇರೆ ಬೇರೆ ಗಿಡಗಳನ್ನು ಒಟ್ಟಿಗೆ ಇಡುವ ಆಸೆ ಇದ್ದವರಿಗೆ ಇದೇ ಹೆಚ್ಚು ದಿನ ಬಾಳುವ ದಾರಿ. ಕಣ್ಣಿಗೆ ಒಂದು ಬಟ್ಟಲು, ಬೇರಿಗೆ ಬೇರೆ ಬೇರೆ ಕುಂಡ. ಕೆಟ್ಟದ್ದನ್ನು ಎತ್ತಿ ಬೇರೆ ಇಡಬಹುದು. ಹಿಟ್ಟು ತಿಗಣೆ, ಅಂದರೆ ಬಿಳಿ ಹತ್ತಿಯ ಹಾಗೆ ಗಿಡಕ್ಕೆ ಅಂಟುವ ಕೀಟ, ಬಂದರೆ ಆ ಒಂದು ಕುಂಡವನ್ನು ದೂರ ಒಯ್ದು ಬೇವಿನ ಎಣ್ಣೆ ಹೊಡೆಯಬಹುದು. ಮಣ್ಣನ್ನೇ ಹಂಚಿಕೊಳ್ಳಬೇಕು ಅನ್ನುವವರು ಝೀಝೀ ಪ್ಲಾಂಟ್ ಮತ್ತು ಸ್ನೇಕ್ ಪ್ಲಾಂಟ್ ಜೊತೆ ಮಾಡಲಿ. ಎರಡೂ ನಿಧಾನ, ಎರಡೂ ಒಣ ಮಣ್ಣಿನವು, ಎರಡೂ ಕಡಿಮೆ ಬೆಳಕು ಸಹಿಸುವಂಥವು. ಬಣ್ಣ ಬಣ್ಣದ ಮನಿ ಪ್ಲಾಂಟ್‌ಗಳನ್ನು ಒಟ್ಟಿಗೆ ನೆಡುವುದು ಸುಲಭ ಅನ್ನಿಸುತ್ತದೆ. ಆದರೆ ಬಿಳಿ ಚುಕ್ಕಿ ಜಾಸ್ತಿ ಇರುವ ಜಾತಿಯ ಎಲೆಯಲ್ಲಿ ಹಸಿರು ಕಡಿಮೆ, ಬೆಳವಣಿಗೆ ನಿಧಾನ. ಹಸಿರು ಜಾತಿಯನ್ನು ಸವರುತ್ತಾ ಇರದಿದ್ದರೆ ಬಿಳಿಯದು ಅದರಡಿ ಮುಚ್ಚಿಹೋಗುತ್ತದೆ.

ಖುಷ್ಕಿ ಕುಂಡದಲ್ಲೂ ಒಂದು ಸಣ್ಣ ಬೇರೆಯಾಗುವಿಕೆ ಆಯಿತು. ಸ್ನೇಕ್ ಪ್ಲಾಂಟ್, ಜೇಡ್ ಎರಡಕ್ಕೂ ನೀರಿನ ಲೆಕ್ಕ ಒಂದೇ, ಬೆಳಕಿನ ಲೆಕ್ಕ ಬೇರೆ. ಬಾಗಿಲ ಪಕ್ಕದ ಬೆಳಕು ಸ್ನೇಕ್ ಪ್ಲಾಂಟಿಗೆ ಸಾಕಾಯಿತು. ಜೇಡ್ ಮಾತ್ರ ಗಂಟು ಗಂಟಿನ ನಡುವೆ ಉದ್ದ ಬಿಟ್ಟು ಬಾಗಿಲ ಕಡೆಗೆ ವಾಲತೊಡಗಿತು. ಅದನ್ನು ಕಿತ್ತು ಬಾಲ್ಕನಿಯ ಬಿಸಿಲಿನ ಕಟ್ಟೆಗೆ ಒಯ್ದರು. ಒಮ್ಮೆಗೇ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ ಅಂತ ದಿನಾ ಸ್ವಲ್ಪ ಸ್ವಲ್ಪ ಸರಿಸಿದರು. ಈಗ ಅದರ ಎಲೆಯ ಅಂಚು ಕೆಂಪಾಗಿದೆ. ಒಳ್ಳೆ ಬಿಸಿಲು ಸಿಕ್ಕಿದ ಜೇಡ್ ಹಾಗೇ ಆಗುತ್ತದೆ.

ಲೆಕ್ಕ ಹಾಕಿದರೆ, ಐದರಲ್ಲಿ ಈಗ ಮಣ್ಣು ಹಂಚಿಕೊಂಡಿರುವುದು ಎರಡೇ, ಮನಿ ಪ್ಲಾಂಟ್ ಮತ್ತು ಸಿಂಗೋನಿಯಂ. ಒಂದಕ್ಕೊಂದು ಬಿಟ್ಟುಕೊಡದ ಜೋಡಿ, ಹಾಗಾಗಿ ಸರಿಯಾಗಿದೆ. ಬಳ್ಳಿ ಉದ್ದವಾದಾಗ ಕತ್ತರಿಸಿ ಅಕ್ಕಪಕ್ಕದವರಿಗೆ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ. ಮನಿ ಪ್ಲಾಂಟ್ ಆಗ್ನೇಯದಲ್ಲೇ ಇದೆ, ಅತ್ತೆಗೆ ಅದು ಸಾಕು.

ಮೊನ್ನೆ ಅತ್ತೆ ಮತ್ತೆ ಕೇಳಿದರು, "ಜೇಡ್ ಪಕ್ಕ ಜಾಗ ಖಾಲಿ ಇದೆ, ದೊಡ್ಡಪತ್ರೆ ಊರಲಾ?" ನಾನು ಬಾಯಿ ಬಿಡುವ ಮೊದಲೇ ಅವರೇ ಒಂದೊಂದಾಗಿ ಹೇಳಿದರು. ಅದೂ ದಪ್ಪ ಎಲೆ, ನೀರು ಕಡಿಮೆ ಸಾಕು. ಅದಕ್ಕೂ ಬಿಸಿಲು ಬೇಕು. ಬೆಳೆಯುವುದು ಮಾತ್ರ ಜೇಡ್‌ಗಿಂತ ಬಹಳ ಜೋರು. "ಆದರೆ ವಾರಕ್ಕೆರಡು ಸಲ ತಂಬುಳಿಗೆ ಕೀಳ್ತೀನಲ್ಲ, ಹೆಚ್ಚು ಬೆಳೆಯೋಕೆ ಎಲ್ಲಿ ಬಿಡ್ತೀನಿ?" ಅಂದರು. ಊರಿ ಅಂದೆ. ಒಂದು ಮಾತು ಮಾತ್ರ ಸೇರಿಸಿದೆ, ಜೇಡ್‌ಗೆ ಹಿಟ್ಟು ತಿಗಣೆ ಬಂದರೂ ಆ ಕುಂಡಕ್ಕೆ ಅಂಗಡಿಯ ಕೀಟನಾಶಕ ಹೊಡೆಯಬೇಡಿ, ಪಕ್ಕದ ಎಲೆ ನೀವು ತಿನ್ನುವಂಥದ್ದು.